ಬೀಗ ಮತ್ತು ಬೀಗತನ: ಹೈದರಾಬಾದಿನ ಪ್ರೇಮಲಾಂಛನಗಳ ಒಂದು ಓದು

ಪ್ರೇಮಿಗಳಿಬ್ಬರು ತಮ್ಮ ಹೆಸರು ಕೊರೆದ ಬೀಗವೊಂದನ್ನು ಸೇತುವೆಯ ಕಂಬಿಗೋ ಕಡಲಂಚಿನ ಕಟಾಂಜನಕ್ಕೋ ತೊಡಿಸಿ, ಅದರ ಕೈಯನ್ನು ನೀರಿಗೆ ಎಸೆದುಬಿಡುವ ರೂಢಿಯೊಂದು ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಈಚೆಗೆ ಲೋಕದ ಅನೇಕ ಪಟ್ಟಣಗಳಿಗೆ ಹರಡಿದೆ. ಇದನ್ನು ಪ್ರವಾಸಿಗಳ ಹುಡುಗಾಟವೆಂದು ತಳ್ಳಿಹಾಕುವವರಿದ್ದಾರೆ. ಸಾರ್ವಜನಿಕ ಆಸ್ತಿಗೆ ಒದಗಿದ ಪೀಡೆಯೆಂದು ಬೇಸತ್ತ ನಗರಸಭೆಗಳೂ ಇವೆ. ಹೈದರಾಬಾದಿನಲ್ಲಿ ಈ ರೂಢಿ ನೆಲೆಯೂರಿದೆಯೆಂದು ಹೇಳುವಂತಿಲ್ಲ. ಈ ಊರಿಗೆ ಕಡಲೂ ಇಲ್ಲ. ಆದರೆ ಬೀಗ ತೊಡಿಸದ ಊರಿನಲ್ಲಿಯೂ ಬೀಗ ಮಾಡುವ ಕೆಲಸವನ್ನು ಬೇರೆ ಯಾವುದೋ ಮಾಡುತ್ತಿರುತ್ತದೆ. ಹೈದರಾಬಾದಿನಲ್ಲಿ ಆ ಕೆಲಸವನ್ನು ಮಾಡುತ್ತ ಬಂದಿರುವುದು ಮೂಸಿ ನದಿಯ ಒಂದು ಹಳೆಯ ಸೇತುವೆ ಮತ್ತು ಗೋಲ್ಕೊಂಡದ ಗೋಡೆ. ಇವೆರಡನ್ನೂ ಬೀಗದ ಜೊತೆಗಿಟ್ಟು ಓದುವುದು, ಆ ಓದಿಗೆ ಕನ್ನಡದ ನುಡಿ ಮತ್ತು ಆಚರಣೆಗಳಿಂದ ದೊರೆಯಬಹುದಾದ ಬೆಳಕನ್ನು ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

ಕವಿತೆಯನ್ನೋ ಕಾದಂಬರಿಯನ್ನೋ ಬಿಟ್ಟು ಬೀಗವನ್ನು ವಿಮರ್ಶೆಯ ವಸ್ತುವಾಗಿ ಎತ್ತಿಕೊಳ್ಳುವುದಕ್ಕೆ ಸಮರ್ಥನೆ ಬೇಕಾಗಬಹುದು. ನಮ್ಮ ಉತ್ತರ ಸರಳವಾದುದು. ಎರಡು ಹೆಸರು, ಅವುಗಳ ನಡುವೆ ಒಂದು ಗುರುತು, ಕೆಲವೊಮ್ಮೆ ಒಂದು ತಾರೀಖು: ಇಷ್ಟು ಸಾಮಗ್ರಿಯುಳ್ಳ ಈ ಬರಹ ಒಂದು ಪಠ್ಯವೇ ಸರಿ. ಅದಕ್ಕೆ ಬರೆದವರಿದ್ದಾರೆ, ಓದುಗರಿದ್ದಾರೆ, ಬರೆಯಗೊಡದವರೂ ಇದ್ದಾರೆ. ಯಾವ ಪಠ್ಯಕ್ಕೆ ಈ ಮೂವರೂ ಇರುವರೋ ಅದು ವಿಮರ್ಶೆಗೆ ಅರ್ಹವೆಂದು ನಾವು ಭಾವಿಸುತ್ತೇವೆ.

೧. ಎರಡು ಸೇತುವೆಗಳು

ಬೀಗದ ರೂಢಿಯ ಮೂಲವನ್ನು ಹುಡುಕುವವರು ಸಾಮಾನ್ಯವಾಗಿ ಸರ್ಬಿಯಾ ದೇಶದ ವ್ರ್‌ನ್ಯಾಚ್ಕಾ ಬಾನ್ಯಾ ಎಂಬ ಊರನ್ನು ಹೆಸರಿಸುತ್ತಾರೆ. ಅಲ್ಲಿನ ಐತಿಹ್ಯದ ಪ್ರಕಾರ ನಾದಾ ಎಂಬ ಶಾಲಾ ಶಿಕ್ಷಕಿಯನ್ನು ವರಿಸಲು ಮಾತುಕೊಟ್ಟಿದ್ದ ರೆಲ್ಯಾ ಎಂಬ ಸೇನಾಧಿಕಾರಿ ಮೊದಲ ಮಹಾಯುದ್ಧಕ್ಕೆ ಹೋದವನು ಗ್ರೀಸಿನಲ್ಲಿ ಇನ್ನೊಬ್ಬಳನ್ನು ಒಲಿದು ಅಲ್ಲಿಯೇ ಉಳಿದ. ನಾದಾ ಕೊರಗಿ ಸತ್ತಳು. ಆ ಬಳಿಕ ಊರಿನ ಹುಡುಗಿಯರು ತಮಗೂ ಆ ಗತಿ ಬಾರದಿರಲೆಂದು ಅವರಿಬ್ಬರೂ ಸೇರುತ್ತಿದ್ದ ಸೇತುವೆಗೆ ಬೀಗ ತೊಡಿಸತೊಡಗಿದರು. ಐತಿಹ್ಯದ ಸತ್ಯಾಸತ್ಯತೆಗಿಂತ ಅದರ ಆಶಯ ಇಲ್ಲಿ ಮುಖ್ಯ. ಬೀಗದ ಮೂಲದಲ್ಲಿರುವುದು ಪ್ರೇಮದ ಸಂಭ್ರಮವಲ್ಲ; ಕೈಬಿಟ್ಟುಹೋಗುವ ಗಂಡಿನ ಬಗೆಗೆ ಹೆಣ್ಣಿಗಿರುವ ಅಂಜಿಕೆ. ಇಟಲಿಯ ಫೆದೆರಿಕೊ ಮೋಚ್ಚಾ ೨೦೦೬ರಲ್ಲಿ ಪ್ರಕಟಿಸಿದ ಕಾದಂಬರಿಯೊಂದರಲ್ಲಿ ನಾಯಕ ನಾಯಕಿಯರು ರೋಮಿನ ಮಿಲ್ವಿಯೊ ಸೇತುವೆಗೆ ಬೀಗ ತೊಡಿಸುವ ಪ್ರಸಂಗ ಬಂದ ಮೇಲೆ, ಮತ್ತು ಮರುವರ್ಷ ಅದು ಚಲನಚಿತ್ರವಾದ ಮೇಲೆ, ಈ ಅಂಜಿಕೆ ಹೋಗಿ ಸಂಭ್ರಮ ಆ ಜಾಗಕ್ಕೆ ಬಂದಿತು. ಜನಪದದ ಹರಕೆಯೊಂದು ಮಾರುಕಟ್ಟೆಯ ಸರಕಾಗುವ ಪ್ರಕ್ರಿಯೆಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ದೊರೆಯುವುದು ವಿರಳ.

ಪ್ಯಾರಿಸಿನಲ್ಲಿ ಈ ಪ್ರಕ್ರಿಯೆ ತನ್ನ ತುದಿಯನ್ನು ಮುಟ್ಟಿತು. ಸೀನ್ ನದಿಯ 'ಪಾಂ ದೆ ಜಾರ್' ಎಂಬ ಕಾಲುಸೇತುವೆಯ ಕಂಬಿಗಳಿಗೆ ೨೦೦೮ರ ಸುಮಾರಿನಿಂದ ಬೀಗಗಳು ಬೀಳತೊಡಗಿ, ೨೦೧೪ರ ಜೂನಿನಲ್ಲಿ ಅವುಗಳ ಭಾರಕ್ಕೆ ಕಂಬಿಯ ಒಂದು ಭಾಗ ಕುಸಿದುಬಿದ್ದಿತು. ೨೦೧೫ರ ಜೂನ್ ೧ರಿಂದ ನಗರಾಡಳಿತ ಅವನ್ನು ತೆಗೆಸಿತು. ತೆಗೆದ ಲೋಹದ ತೂಕ ಸುಮಾರು ೪೫ ಟನ್. ಅವುಗಳಲ್ಲಿ ಕೆಲವನ್ನು ೨೦೧೭ರಲ್ಲಿ ಹರಾಜು ಹಾಕಿ ಬಂದ ಹಣವನ್ನು ನಿರಾಶ್ರಿತರ ನೆರವಿಗೆ ಕೊಡಲಾಯಿತು. ಶಾಶ್ವತವಾಗಿರಲೆಂದು ಬಯಸಿದ ಒಲವು ತೂಕಕ್ಕೆ ಮಾರಾಟವಾಗಿ, ಮನೆಮಾರು ಕಳೆದುಕೊಂಡವರ ಅನ್ನವಾದುದು ವ್ಯಂಗ್ಯವೋ ಸಾರ್ಥಕ್ಯವೋ ಎಂಬುದನ್ನು ಓದುಗರ ವಿವೇಚನೆಗೆ ಬಿಡುತ್ತೇವೆ.

ಈ ಕಾಲುಸೇತುವೆಯ ಪಕ್ಕದಲ್ಲಿರುವುದು 'ಪಾಂ ನೆಫ್' ಎಂಬ ಇನ್ನೊಂದು ಸೇತುವೆ. ಆ ಹೆಸರಿಗೆ ಹೊಸ ಸೇತುವೆ ಎಂದರ್ಥ. ವಾಸ್ತವವಾಗಿ ಅದು ಪ್ಯಾರಿಸಿನಲ್ಲಿ ಇಂದು ಉಳಿದಿರುವ ಸೇತುವೆಗಳಲ್ಲೆಲ್ಲ ಹಳೆಯದು. ಅದರ ಅಡಿಗಲ್ಲು ಬಿದ್ದದ್ದು ೧೫೭೮ರಲ್ಲಿ. ಅದೇ ೧೫೭೮ರಲ್ಲಿ ಗೋಲ್ಕೊಂಡದ ಸುಲ್ತಾನ ಇಬ್ರಾಹಿಂ ಕುಲಿ ಕುತುಬ್ ಶಾಹ ಮೂಸಿ ನದಿಗೆ ಇಪ್ಪತ್ತೆರಡು ಕಮಾನುಗಳ ಕಲ್ಲುಸೇತುವೆಯನ್ನು ಕಟ್ಟಿಸಿದ. ಅದಕ್ಕೆ ಇಂದಿನ ಹೆಸರು ಪುರಾನಾ ಪುಲ್, ಎಂದರೆ ಹಳೆಯ ಸೇತುವೆ. ಈ ಎರಡನ್ನೂ ಮೊದಲು ಹೋಲಿಸಿದವರು ನಾವಲ್ಲ. ಹದಿನೇಳನೆಯ ಶತಮಾನದಲ್ಲಿ ವಜ್ರದ ವ್ಯಾಪಾರಕ್ಕೆಂದು ಇಲ್ಲಿಗೆ ಬಂದಿದ್ದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ತನ್ನ ಪ್ರವಾಸಗ್ರಂಥದಲ್ಲಿ ಮೂಸಿಯ ಈ ಸೇತುವೆ ಚೆಲುವಿನಲ್ಲಿ ಪ್ಯಾರಿಸಿನ ಪಾಂ ನೆಫ್‌ಗೆ ಹೆಚ್ಚೇನೂ ಕಡಿಮೆಯಲ್ಲವೆಂದು ಬರೆದಿದ್ದಾನೆ. ಊರಿಗೆ ಭಾಗನಗರವೆಂಬ ಹೆಸರು ಬಂದುದು ರಾಜನೊಬ್ಬನ ಮೆಚ್ಚಿನ ಮಡದಿಯಿಂದ ಎಂಬ ಸಂಗತಿಯೂ ಅವನ ಕಿವಿಗೆ ಬಿದ್ದಿತ್ತು. ಒಂದು ಸೇತುವೆಯ ನೆರೆಯಲ್ಲಿ ಪ್ರೇಮಿಗಳು ಬೀಗ ತೊಡಿಸಿದರು. ಇನ್ನೊಂದರ ವಿಷಯದಲ್ಲಿ ಜನ ಸೇತುವೆಯನ್ನೇ ಬೀಗವನ್ನಾಗಿಸಿಕೊಂಡರು.

೨. ಹೆಸರು ಅಳಿದ ನಾಯಕಿ

ಹೈದರಾಬಾದಿನ ಮಕ್ಕಳಿಗೂ ಗೊತ್ತಿರುವ ಕಥೆ ಇದು. ರಾಜಕುಮಾರ ಮುಹಮ್ಮದ್ ಕುಲಿ ನದಿಯಾಚೆಯ ಚಿಚಲಂ ಎಂಬ ಹಳ್ಳಿಯ ನರ್ತಕಿ ಭಾಗಮತಿಯಲ್ಲಿ ಅನುರಕ್ತನಾಗಿ, ಒಂದು ರಾತ್ರಿ ತುಂಬಿ ಹರಿಯುತ್ತಿದ್ದ ಮೂಸಿಗೆ ಕುದುರೆಯನ್ನು ಇಳಿಸಿದ. ಮಗನ ಜೀವಕ್ಕೆ ಹೆದರಿದ ತಂದೆ ನದಿಗೆ ಸೇತುವೆ ಕಟ್ಟಿಸಿದ. ಪಟ್ಟವೇರಿದ ಮೇಲೆ ಕುಲಿ ಅವಳನ್ನು ವರಿಸಿ, ೧೫೯೧ರಲ್ಲಿ ಕಟ್ಟಿಸಿದ ಹೊಸ ಊರಿಗೆ ಭಾಗನಗರವೆಂದು ಹೆಸರಿಟ್ಟ. ಅವಳಿಗೆ ಹೈದರ್ ಮಹಲ್ ಎಂಬ ಬಿರುದು ಬಂದ ಮೇಲೆ ಊರು ಹೈದರಾಬಾದಾಯಿತು.

ಇತಿಹಾಸಕಾರರಲ್ಲಿ ಇದರ ಬಗೆಗೆ ಒಮ್ಮತವಿಲ್ಲ. ಕುಲಿ ಹುಟ್ಟಿದ್ದು ೧೫೬೫ರ ಸುಮಾರಿಗೆ. ಸೇತುವೆ ಮುಗಿದಾಗ ಅವನಿಗೆ ಹದಿಮೂರು ವರ್ಷ. ಹಾರೂನ್ ಖಾನ್ ಶೇರ್ವಾನಿಯವರು ಭಾಗಮತಿಯ ಅಸ್ತಿತ್ವವನ್ನೇ ಪ್ರಶ್ನಿಸಿದರು: ಗೋಲ್ಕೊಂಡದ ಯಾವ ನಾಣ್ಯದಲ್ಲಿಯೂ ಶಾಸನದಲ್ಲಿಯೂ ಅವಳ ಹೆಸರಿಲ್ಲ, ಕುತುಬ್ ಶಾಹಿ ಗೋರಿಗಳ ಆವರಣದಲ್ಲಿ ಅವಳದೆಂದು ಗುರುತಿಸಬಹುದಾದ ಸಮಾಧಿಯಿಲ್ಲ. ಅವಳನ್ನು ಹೆಸರಿಸುವ ಸಮಕಾಲೀನರೆಲ್ಲ ಹೊರಗಿನವರು: ಅಕ್ಬರನ ಆಸ್ಥಾನದ ಫೈಜಿ, ನಿಜಾಮುದ್ದೀನ್ ಅಹ್ಮದ್, ಮತ್ತು ನಮ್ಮ ಬಿಜಾಪುರದ ಆದಿಲ್ ಶಾಹಿ ಆಸ್ಥಾನದಲ್ಲಿ ಕುಳಿತು ಬರೆದ ಫಿರಿಶ್ತಾ. ನರೇಂದ್ರ ಲೂಥರ್ ಮೊದಲಾದವರು ಇದೇ ಸಾಕ್ಷ್ಯಗಳನ್ನು ಹಿಡಿದು ಅವಳು ಇದ್ದಳೆಂದೇ ವಾದಿಸಿದರು. ಅವರ ಪ್ರಕಾರ ಗೋಲ್ಕೊಂಡದ ಮೌನ ಅವಳಿಲ್ಲದುದರ ಗುರುತಲ್ಲ, ಅವಳನ್ನು ಹೇಳಬಾರದೆಂಬ ಎಚ್ಚರದ ಗುರುತು.

ಈ ವಿವಾದವನ್ನು ಇತ್ಯರ್ಥಗೊಳಿಸುವುದು ನಮ್ಮ ಕೆಲಸವಲ್ಲ. ಎರಡು ಪಕ್ಷಗಳೂ ಒಪ್ಪುವ ಸಂಗತಿಯೊಂದಿದೆ. ನಮ್ಮ ಗಮನ ಅದರ ಮೇಲಿದೆ. ಭಾಗಮತಿ ಇದ್ದಿದ್ದರೆ ಅವಳ ಹೆಸರು ಬರಹದಿಂದ ಅಳಿದಿದೆ. ಇಲ್ಲದಿದ್ದರೆ ಜನ ಆ ಹೆಸರನ್ನು ನಾಲ್ಕು ಶತಮಾನ ಬಾಯಲ್ಲಿ ಉಳಿಸಿಕೊಂಡಿದ್ದಾರೆ. ಕುಲಿ ಸ್ವತಃ ದಖನಿಯ ದೊಡ್ಡ ಕವಿ; ತನ್ನ ಅನೇಕ ಪ್ಯಾರಿಯರನ್ನು ಕುರಿತು ಹಾಡಿದವನು. ಅವನ ಆಸ್ಥಾನದ ವಜಹಿ ೧೬೦೯ರಲ್ಲಿ ರಚಿಸಿದ 'ಕುತುಬ್ ಮುಶ್ತರಿ' ಎಂಬ ಕಥನಕಾವ್ಯದಲ್ಲಿ ನಾಯಕ ಕುಲಿಯೇ. ನಾಯಕಿ ಮಾತ್ರ ಬಂಗಾಳದ ರಾಜಕುಮಾರಿ ಮುಶ್ತರಿ. ಹಳ್ಳಿಯ ನರ್ತಕಿಯನ್ನು ಅರಮನೆಗೆ ಒಪ್ಪಿಗೆಯಾಗುವಂತೆ ರಾಜಕುಮಾರಿಯನ್ನಾಗಿ ಮಾರ್ಪಡಿಸಿದ ಕಾವ್ಯ ಇದೆಂಬ ಊಹೆಯನ್ನು ವಿದ್ವಾಂಸರು ಮುಂದಿಟ್ಟಿದ್ದಾರೆ. ಈ ಊಹೆ ನಿಜವಾದರೆ, ಕಾವ್ಯವೂ ಇಲ್ಲಿ ಮಾಡಿದ್ದು ಕುಲದ ಕೊರತೆಯನ್ನು ಮುಚ್ಚುವ ಕೆಲಸ. ಪ್ರಭುತ್ವದ ಪಠ್ಯ ಹೆಣ್ಣಿನ ಕುಲವನ್ನು ತಿದ್ದಿತು. ಜನಪದ ಅವಳ ಕುಲವನ್ನು ತಿದ್ದದೆ ಅವಳಿಗೊಂದು ಸೇತುವೆಯನ್ನು ಕೊಟ್ಟಿತು. ಕಾಲಗಣನೆಯ ಮಟ್ಟದಲ್ಲಿ ಸುಳ್ಳಾಗಿರಬಹುದಾದ ಈ ಕಥೆ ಆಶಯದ ಮಟ್ಟದಲ್ಲಿ ಹೇಳುತ್ತಿರುವುದೇನು? ಮಗ ಸಾಯಬಾರದೆಂದು ತಂದೆಯೊಬ್ಬ ಮಗನ ಒಲವಿಗೆ ದಾರಿ ಮಾಡಿಕೊಟ್ಟ ಎಂಬುದನ್ನು. ಈ ಮಾತಿಗೆ ಮುಂದೆ ಮರಳಿ ಬರುತ್ತೇವೆ.

ಸೇತುವೆ ಮಾತ್ರ ಉಳಿಯಿತು. ೧೯೦೮ರ ಸೆಪ್ಟೆಂಬರಿನ ಮೂಸಿಯ ಮಹಾಪೂರದಲ್ಲಿ ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋದಾಗ ಎರಡು ದಡಗಳನ್ನು ಕೂಡಿಸಿದ್ದು ಪುರಾನಾ ಪುಲ್ ಒಂದೇ. ಆ ಪೂರದ ಬಳಿಕ ನಿಜಾಮ ಸರ್ಕಾರದ ಕರೆಯ ಮೇರೆಗೆ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಯೋಜನೆಯಂತೆ ಮೇಲ್ಗಡೆ ಜಲಾಶಯಗಳು ಎದ್ದವು. ಕುಲಿಯ ಕುದುರೆ ದಾಟಿದ್ದೆನ್ನಲಾದ ಹೊಳೆ ಪಳಗಿತು. ಸೇತುವೆಯ ಮೇಲೆ ಹಲವು ವರ್ಷಗಳಿಂದ ತರಕಾರಿ ಮಾರುವವರು ಕುಳಿತಿದ್ದಾರೆ. ಅಲ್ಲಿ ಯಾವ ಪ್ರೇಮಿಯೂ ಬೀಗ ತೊಡಿಸಿರುವುದು ನಮಗೆ ಕಾಣಲಿಲ್ಲ. ಕೊತ್ತಂಬರಿ ಕಟ್ಟುಗಳ ನಡುವೆ ಒಲವನ್ನು ಸಾರಲು ಯಾರೂ ಬರುವುದಿಲ್ಲ. ಅದಕ್ಕೆ ಅವರು ಆರಿಸಿಕೊಂಡಿರುವುದು ಗೋಲ್ಕೊಂಡದ ಎತ್ತರವನ್ನು.

೩. ಗೋಡೆಯ ಬರಹ

ಗೋಲ್ಕೊಂಡದ ಬಾಲಾ ಹಿಸಾರ್ ಸುಮಾರು ನಾನೂರು ಅಡಿ ಎತ್ತರದ ಕರಿಕಲ್ಲಿನ ಗುಡ್ಡದ ಮೇಲಿದೆ. ಅಲ್ಲಿಂದ ಊರು ಕಡಲಿನಂತೆ ಕಾಣುತ್ತದೆ. ಕಡಲಿಲ್ಲದ ಊರಿನ ನೋಟತಾಣ ಇದು. ಏರುವ ದಾರಿಯ ಗಚ್ಚುಗೋಡೆಗಳ ಮೇಲೆ, ಕೈಗೆಟುಕುವ ಎತ್ತರದವರೆಗೆ, ಮೊಳೆಯಿಂದಲೋ ಕಲ್ಲಿನ ಚೂರಿನಿಂದಲೋ ಗೀಚಿದ ಹೆಸರುಗಳಿವೆ. ನಾವು ಅಲ್ಲಿ ತೆಲುಗು, ಉರ್ದು, ನಾಗರಿ, ರೋಮನ್ ಲಿಪಿಗಳ ನಡುವೆ ಕನ್ನಡದ ಬರಹಗಳನ್ನೂ ಕಂಡೆವು. ಬೀದರ, ಕಲಬುರಗಿ, ರಾಯಚೂರು ೧೯೫೬ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ, ಅನಂತರ ಅದೇ ಹೆಸರಿನ ರಾಜ್ಯಕ್ಕೆ ಸೇರಿದ್ದ ಜಿಲ್ಲೆಗಳು. ಓದಿಗೆ, ದುಡಿಮೆಗೆ, ಆಸ್ಪತ್ರೆಗೆ ಇಲ್ಲಿಗೆ ಬರುವ ಕನ್ನಡಿಗರು ಇಂದಿಗೂ ಬಹಳ. ಅವರ ಮಕ್ಕಳು ಗೋಲ್ಕೊಂಡದ ಗೋಡೆಗೆ ಹೊರಗಿನವರಲ್ಲ.

ಇದನ್ನು ಸಮರ್ಥಿಸುವುದು ನಮ್ಮ ಅಭಿಪ್ರಾಯವಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಸುಣ್ಣದ ಗಚ್ಚು ಒಮ್ಮೆ ಸೀಳಿದರೆ ನೀರು ಒಳಗಿಳಿಯುತ್ತದೆ. ಬಿದ್ದ ಹೂಬಳ್ಳಿಯ ಅಲಂಕಾರ ಮರಳಿ ಬಾರದು. ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ ೨೦೧೦ರಲ್ಲಿ ಬಂದ ತಿದ್ದುಪಡಿಯಂತೆ, ರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಸಮೀಪದ ಕುತುಬ್ ಶಾಹಿ ಗೋರಿಗಳಲ್ಲಿ ೨೦೧೩ರಿಂದ ದಶಕಕ್ಕೂ ಮಿಕ್ಕಿ ನಡೆದ ಜೀರ್ಣೋದ್ಧಾರದಲ್ಲಿ ಕುಶಲಿಗಳು ಸಿಮೆಂಟನ್ನು ಕಿತ್ತು ಮತ್ತೆ ಸುಣ್ಣದ ಗಾರೆ ಹಾಕಿದ ಶ್ರಮ ಎಷ್ಟೆಂಬುದನ್ನು ಬಲ್ಲವರಿಗೆ ಗೋಡೆಯ ಮೇಲಿನ ಮೊಳೆಯ ಗೀರು ಮೈಮೇಲೆ ಎಳೆದಂತಾಗುತ್ತದೆ.

ಆದರೂ ವಿಮರ್ಶಕನಿಗೆ ಒಂದು ತೊಡಕು ಎದುರಾಗುತ್ತದೆ. ಅದೇ ಕೋಟೆಯೊಳಗೆ ಭದ್ರಾಚಲದ ರಾಮದಾಸ ಸೆರೆಯಾಗಿದ್ದನೆನ್ನುವ ಕೋಣೆಯಿದೆ. ಪಾಲ್ವಂಚದ ತಹಶೀಲ್ದಾರನಾಗಿದ್ದ ಕಂಚೆರ್ಲ ಗೋಪನ್ನ ಸರ್ಕಾರದ ಕಂದಾಯದಿಂದ ರಾಮನ ಗುಡಿ ಕಟ್ಟಿಸಿ, ತಾನಾ ಶಾಹನ ಕಾಲದಲ್ಲಿ ಸೆರೆ ಸೇರಿದವನು. ಆ ಕೋಣೆಯ ಗೋಡೆಯ ಮೇಲೆ ರಾಮ, ಲಕ್ಷ್ಮಣ, ಹನುಮರ ಆಕೃತಿಗಳಿವೆ. ರಾಮದಾಸನೇ ಕೊರೆದನೆಂಬ ನಂಬಿಕೆಯಿಂದ ಜನ ಅದಕ್ಕೆ ಕೈಮುಗಿಯುತ್ತಾರೆ. ಇಲ್ಲಿ ಗೋಡೆಯನ್ನು ಕೊರೆದವನು ಭಕ್ತ. ನೂರು ಹೆಜ್ಜೆಯಾಚೆ ಕೊರೆದವನು ಪುಂಡ. ನಮ್ಮ ನಾಡಿಗೆ ಬಂದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಹೆಸರಷ್ಟನ್ನೇ ಕೊರೆದು ಹೋದ ಯಾತ್ರಿಕರ ಬರಹಗಳು ಹಲವಾರು. ಬಿ. ಎಲ್. ರೈಸ್ ಮತ್ತು ಅವರ ಬಳಿಕ ಆರ್. ನರಸಿಂಹಾಚಾರ್ ಇಂಥವನ್ನು ಅಕ್ಕರೆಯಿಂದ ಓದಿ ಶಾಸನಗಳ ಸಾಲಿಗೆ ಸೇರಿಸಿದರು. ಅಲ್ಲಿನ 'ಕವಿರತ್ನ' ಎಂಬ ಹೆಸರು ರನ್ನನ ಹಸ್ತಾಕ್ಷರವೇ ಆಗಿರಬಹುದೆಂದು ನಮ್ಮ ವಿದ್ವಾಂಸರು ಪುಳಕಗೊಂಡದ್ದೂ ಉಂಟು. ಹಾಗಾದರೆ ಶಾಸನಕ್ಕೂ ಗೀಚುಬರಹಕ್ಕೂ ನಡುವಣ ಅಂತರ ಕಾಲದ್ದೇ, ಭಕ್ತಿಯದ್ದೇ, ಅಥವಾ ಬರೆದವರ ಸ್ಥಾನದ್ದೇ?

ಕಾಲದ್ದಷ್ಟೇ ಎಂದರೆ ಸಾಲದು. ಯಾತ್ರಿಕ ಹೆಸರು ಕೊರೆದದ್ದು ದೇವರ ಕಣ್ಣಿಗೆ ಬೀಳಲೆಂದು, ತನ್ನವರ ಕಣ್ಣಿಗೂ ಬೀಳಲೆಂದು. ಅವನ ಹೆಸರಿನ ಜೊತೆಗೆ ಊರು, ತಂದೆ, ಗುರು ಇವರ ಹೆಸರುಗಳು ಬರುವುದುಂಟು. ಗೋಲ್ಕೊಂಡದ ಪ್ರೇಮಬರಹದಲ್ಲಿ ಇದ್ಯಾವುದೂ ಇಲ್ಲ. ನಾವು ಗಮನಿಸಿದ ಮಟ್ಟಿಗೆ ಅಲ್ಲಿನ ಬಹುಪಾಲು ಬರಹಗಳಲ್ಲಿ ಹೆಸರು ಕೂಡ ಪೂರ್ತಿಯಾಗಿಲ್ಲ. ಎರಡು ಮೊದಲಕ್ಷರಗಳು, ನಡುವೆ ಒಂದು ಹೃದಯದ ಗುರುತು, ಅಷ್ಟೇ. ಶಾಶ್ವತವಾಗಿರಲೆಂದು ಕಲ್ಲಿನಲ್ಲಿ ಕೊರೆಯುವವರು ತಾವು ಯಾರೆಂಬುದನ್ನು ಮಾತ್ರ ಮರೆಮಾಚುತ್ತಿದ್ದಾರೆ. ಸಾರುವ ಬಯಕೆ, ಅಡಗುವ ಅಗತ್ಯ: ಇವೆರಡೂ ಒಂದೇ ಗೀರಿನಲ್ಲಿ ಕೂಡಿವೆ. ನಮ್ಮ ದೇಶದಲ್ಲಿ ಪೂರ್ತಿ ಹೆಸರೆಂದರೆ ಜಾತಿ, ಮತ, ಊರು, ಮನೆತನ ಎಲ್ಲವೂ. ಮೊದಲಕ್ಷರಕ್ಕೆ ಜಾತಿಯಿಲ್ಲ. ಈ ಸಣ್ಣ ಸಂಗತಿಯೇ ಗೋಲ್ಕೊಂಡದ ಗೋಡೆಯನ್ನು ಪ್ಯಾರಿಸಿನ ಬೀಗದಿಂದ ಬೇರ್ಪಡಿಸುತ್ತದೆಂದು ನಮ್ಮ ಗ್ರಹಿಕೆ.

೪. ಬೀಗ, ಗಂಟು, ಒಡಪು

ಇಲ್ಲಿ ಕನ್ನಡದ ನುಡಿ ನಮ್ಮ ನೆರವಿಗೆ ಬರುತ್ತದೆ. ಕನ್ನಡದಲ್ಲಿ 'ಬೀಗ' ಎಂದರೆ ಬಾಗಿಲನ್ನು ಮುಚ್ಚುವ ಸಾಧನ. 'ಬೀಗ' ಎಂದರೆ ಮಗನನ್ನೋ ಮಗಳನ್ನೋ ಕೊಟ್ಟು ತಂದ ಮನೆಯ ಯಜಮಾನ. ನಿಘಂಟಿನಲ್ಲಿ ಇವೆರಡೂ ಬೇರೆ ಬೇರೆ ಪದಗಳು. ತೆಲುಗು ಇವನ್ನು ರೂಪದಲ್ಲಿಯೂ ಬೇರೆಯಾಗಿ ಉಳಿಸಿಕೊಂಡಿದೆ: ಅಲ್ಲಿ ಸಾಧನ ಬೀಗಮು ಅಥವಾ ತಾಳಮು, ಬಂಧು ವಿಯ್ಯಂಕುಡು. ಕನ್ನಡದ ಕಿವಿಗೆ ಮಾತ್ರ ಎರಡೂ ಒಂದಾಗಿವೆ. ವ್ಯುತ್ಪತ್ತಿಯ ಆಧಾರವಿಲ್ಲದ ಈ ಸಾಮ್ಯದ ಮೇಲೆ ಸಿದ್ಧಾಂತವನ್ನು ಕಟ್ಟುವುದು ತರವಲ್ಲವೆಂಬ ಎಚ್ಚರ ನಮಗಿದೆ. ಆದರೆ ನುಡಿಯೊಳಗೆ ಆಕಸ್ಮಿಕವಾಗಿ ಕೂಡಿಬಂದ ಪದಗಳೂ ಬಳಕೆಯಲ್ಲಿ ಒಂದರ ನೆರಳನ್ನು ಇನ್ನೊಂದರ ಮೇಲೆ ಚೆಲ್ಲುತ್ತವೆ. ಕನ್ನಡ ಸಮಾಜದಲ್ಲಿ ಗಂಡು ಹೆಣ್ಣಿನ ಕೂಟಕ್ಕೆ ಮುದ್ರೆ ಬೀಳುವುದು ಅವರಿಬ್ಬರ ಒಲವಿನಿಂದಲ್ಲ, ಎರಡು ಮನೆಗಳು ಬೀಗರಾಗುವುದರಿಂದ. ಬೀಗರ ಔತಣವಾಗದೆ ಮದುವೆ ಮುಗಿಯದು. ಈ ಬೆಳಕಿನಲ್ಲಿ ನೋಡಿದರೆ ಪ್ರೇಮಿಗಳು ಸೇತುವೆಗೆ ತೊಡಿಸುವುದು ಬೀಗರಿಲ್ಲದ ಬೀಗ.

ಬೀಗ ತೆಗೆಯುವ ಸಾಧನಕ್ಕೆ ಕನ್ನಡದಲ್ಲಿ 'ಬೀಗದ ಕೈ', ಬಡಗಿನವರ ಮಾತಿನಲ್ಲಿ 'ಕೀಲಿಕೈ'. ತೆಲುಗಿನಲ್ಲಿ ಅದು 'ತಾಳಂಚೆವಿ'. ಇಂದು ಅದನ್ನು ಕೇಳುವ ತೆಲುಗರಿಗೆ 'ಚೆವಿ' ಎಂಬುದು ಕಿವಿಯಾಗಿಯೇ ಕೇಳಿಸುತ್ತದೆ. ಒಂದು ನುಡಿಯಲ್ಲಿ ಕೈ, ಇನ್ನೊಂದರಲ್ಲಿ ಕಿವಿ. ಕೈಯನ್ನು ನೀರಿಗೆ ಎಸೆಯುವುದೆಂದರೆ ಕನ್ನಡದಲ್ಲಿ ಬಿಡಿಸುವ ಶಕ್ತಿಯನ್ನೇ ತೊರೆಯುವುದು. ಇಲ್ಲಿಯೇ ಈ ರೂಢಿ ನಮ್ಮ ಹರಕೆಯ ಪರಂಪರೆಯಿಂದ ದೂರ ಸರಿಯುತ್ತದೆ. ಹೈದರಾಬಾದಿನ ದರ್ಗಾಗಳ ಜಾಲಂಧ್ರಗಳಿಗೆ, ಕಲಬುರಗಿಯ ಬಂದೇ ನವಾಜರ ಸನ್ನಿಧಿಯಲ್ಲಿ, ನಮ್ಮ ಊರುಗಳ ಅರಳಿಮರಗಳಿಗೆ ಜನ ದಾರ ಕಟ್ಟುತ್ತಾರೆ, ಪುಟ್ಟ ತೊಟ್ಟಿಲು ತೂಗುಹಾಕುತ್ತಾರೆ. ಆದರೆ ಹರಕೆಯ ಗಂಟು ಬಿಚ್ಚಲೆಂದೇ ಕಟ್ಟಿದ ಗಂಟು. ಬೇಡಿಕೆ ಕೈಗೂಡಿದ ಮೇಲೆ ಬಂದು ಹರಕೆ ತೀರಿಸಬೇಕು. ತೀರಿಸದಿದ್ದರೆ ಋಣ ಉಳಿಯುತ್ತದೆ. ಹರಕೆಗೆ ಮರಳಿ ಬರುವ ದಾರಿಯಿದೆ, ಪ್ರೇಮದ ಬೀಗಕ್ಕೆ ಅದಿಲ್ಲ. ಒಲವನ್ನು ಕಾಲದಿಂದ ಹೊರಗಿಡುವ ಈ ಹಟದಲ್ಲಿ ನಮಗೆ ಕಾಣುವುದು ಭರವಸೆಯಲ್ಲ, ಭರವಸೆಯ ಕೊರತೆ. ಎದುರಿನವರ ಮಾತನ್ನು ನಂಬಬಲ್ಲವರಿಗೆ ಲೋಹದ ಹೊಣೆ ಬೇಕಾಗುವುದಿಲ್ಲ.

ಹೆಸರನ್ನು ಹೇಳುವ ವಿಷಯದಲ್ಲಿಯೂ ನಮ್ಮ ಪರಂಪರೆಗೆ ತನ್ನದೇ ಆದ ನಯವಿದೆ. ಹಳೆಯ ಕಾಲದ ಹೆಂಗಸು ಗಂಡನ ಹೆಸರು ಹೇಳಳು. ಗಂಡನೂ ಹೆಂಡತಿಯನ್ನು ಹೆಸರಿಡಿದು ಕರೆಯಲು ಹಿಂಜರಿಯುವನು. ಆದರೆ ಮದುವೆಯ ದಿನ ಮನೆಯೊಳಗೆ ಕಾಲಿಡುವಾಗ ಅಕ್ಕ ತಂಗಿಯರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳಿಸದೆ ಬಿಡರು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಇದನ್ನು ಒಡಪಿನಲ್ಲಿ ಹೇಳುತ್ತಾರೆ: ಪ್ರಾಸದ ನಡುವೆ ಗಂಡನ ಹೆಸರನ್ನು ಹುದುಗಿಸಿ, ನಾಚಿಕೆಯನ್ನು ನಗೆಯಾಗಿಸಿ. ತೆಲುಗು ನಾಡಿನ ಮದುವೆಯಲ್ಲಿಯೂ ಇದೇ ಶಾಸ್ತ್ರವಿದೆ. ಇದೊಂದು ಅಪೂರ್ವವಾದ ಏರ್ಪಾಡು. ಮುಚ್ಚಿದ ಬಾಗಿಲನ್ನು ತೆರೆಯುವ ಕೈ ಇಲ್ಲಿ ಹೆಸರೇ; ಅದನ್ನು ಕೇಳಲು ಇಡೀ ಮನೆ ಕಿವಿಯಾಗಿ ನಿಂತಿದೆ. ಕೈಯೂ ಕಿವಿಯೂ ಕೂಡಿದ ಗಳಿಗೆ ಅದು. ಗೋಲ್ಕೊಂಡದ ಗೋಡೆಯ ಮೊದಲಕ್ಷರವೂ ಒಂದು ಒಡಪೇ. ಆದರೆ ಕೇಳುವ ಮನೆಯಿಲ್ಲದ ಒಡಪು. ಬಾಗಿಲಿಗೆ ಅಡ್ಡ ನಿಂತವರು ಅಲ್ಲಿ ನಗುತ್ತಿಲ್ಲ.

೫. ಬೀಗತನದ ಪ್ರಶ್ನೆ

ಈ ಕೊನೆಯ ಮಾತು ಅಲಂಕಾರವಲ್ಲ. ೨೦೧೮ರ ಸೆಪ್ಟೆಂಬರಿನಲ್ಲಿ ತೆಲಂಗಾಣದ ಮಿರ್ಯಾಲಗೂಡದಲ್ಲಿ, ಮೇಲ್ಜಾತಿಯ ಹುಡುಗಿಯನ್ನು ಮದುವೆಯಾದ ದಲಿತ ಯುವಕನೊಬ್ಬನನ್ನು ಗರ್ಭಿಣಿ ಹೆಂಡತಿಯ ಕಣ್ಣೆದುರಿಗೆ ಕೊಚ್ಚಿ ಕೊಲ್ಲಲಾಯಿತು. ಕೊಲೆಗಾರರನ್ನು ನೇಮಿಸಿದ ಆರೋಪ ಹುಡುಗಿಯ ತಂದೆಯ ಮೇಲೆ ಬಂತು. ೨೦೨೨ರ ಮೇ ತಿಂಗಳಲ್ಲಿ ಹೈದರಾಬಾದಿನದೇ ಸರೂರ್‌ನಗರದಲ್ಲಿ, ಬೇರೆ ಮತದ ಹುಡುಗಿಯನ್ನು ವರಿಸಿದ ಇನ್ನೊಬ್ಬ ದಲಿತ ಯುವಕ ನಡುಬೀದಿಯಲ್ಲಿ ಹತನಾದ. ಬಂಧಿತರಾದವರು ಹುಡುಗಿಯ ಮನೆಯವರು. ಎರಡು ಪ್ರಕರಣಗಳಲ್ಲಿ ಜಾತಿ ಮತಗಳ ಸಂಯೋಜನೆ ಬೇರೆ, ಆದರೆ ರಚನೆ ಒಂದೇ: ಬೀಗರಾಗಬೇಕಾಗಿದ್ದವರು ಕೊಲೆಯ ಆರೋಪಿಗಳಾದರು. ಈ ವಿಷಯದಲ್ಲಿ ಕನ್ನಡ ಜಿಲ್ಲೆಗಳೂ ಹೆಮ್ಮೆಪಡುವಂಥ ಸ್ಥಿತಿಯಲ್ಲಿಲ್ಲವೆಂಬುದನ್ನು ಮರೆಯಬಾರದು. ೨೦೧೮ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಾಯಕ್ಕೆ ಬಂದ ಇಬ್ಬರ ಆಯ್ಕೆಗೆ ಮನೆಯವರ ಇಲ್ಲವೆ ಕುಲದವರ ಒಪ್ಪಿಗೆ ಬೇಕಿಲ್ಲವೆಂದು ಸ್ಪಷ್ಟವಾಗಿ ಹೇಳಿತ್ತು. ಮಿರ್ಯಾಲಗೂಡದ ಕೊಲೆ ನಡೆದದ್ದು ಆ ತೀರ್ಪಿನ ಆರು ತಿಂಗಳ ಬಳಿಕ.

ಇನ್ನೊಂದು ಗೋಡೆಯನ್ನೂ ಇಲ್ಲಿ ನೆನೆಯಬೇಕು. ೧೯೫೪ರ ವಿಶೇಷ ವಿವಾಹ ಕಾಯಿದೆಯಂತೆ ಜಾತಿ ಮತಗಳ ಹಂಗಿಲ್ಲದೆ ಮದುವೆಯಾಗಬಯಸುವ ಗಂಡು ಹೆಣ್ಣು ನೋಂದಣಿ ಅಧಿಕಾರಿಗೆ ಮುನ್ಸೂಚನೆ ಕೊಡಬೇಕು. ಆ ಸೂಚನೆಯನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಬೇಕು. ಮೂವತ್ತು ದಿನಗಳವರೆಗೆ ಯಾರು ಬೇಕಾದರೂ ಆಕ್ಷೇಪಿಸಬಹುದು. ಅದರಲ್ಲಿ ಪೂರ್ತಿ ಹೆಸರಿರುತ್ತದೆ, ವಯಸ್ಸು, ವಿಳಾಸಗಳಿರುತ್ತವೆ. ಕಾನೂನು ಒಲವಿಗೆ ಕೊಡುವ ಗೋಡೆ ಇದು. ಅಲಹಾಬಾದ್ ಉಚ್ಚ ನ್ಯಾಯಾಲಯ ೨೦೨೧ರ ಜನವರಿಯಲ್ಲಿ ಇಂಥ ಪ್ರಕಟಣೆ ಜೋಡಿಯ ಇಚ್ಛೆಗೆ ಬಿಟ್ಟದ್ದಾಗಿರಬೇಕೆಂದು ತೀರ್ಪಿತ್ತದ್ದು ಈ ಗೋಡೆ ಎಷ್ಟು ಅಪಾಯದ್ದೆಂಬುದಕ್ಕೆ ಸಾಕ್ಷಿ. ಹೀಗೆ ನಮ್ಮ ಯುವಕ ಯುವತಿಯರ ಮುಂದೆ ಎರಡು ಗೋಡೆಗಳಿವೆ. ಒಂದರ ಮೇಲೆ ಹೆಸರನ್ನು ಬರೆಯಲೇಬೇಕು, ಬರೆದರೆ ಪ್ರಾಣಭಯ. ಇನ್ನೊಂದರ ಮೇಲೆ ಬರೆಯಕೂಡದು, ಬರೆದರೆ ದಂಡ. ಮೊದಲನೆಯದಕ್ಕೆ ಹೆದರಿದವರು ಎರಡನೆಯದಕ್ಕೆ ಮೊದಲಕ್ಷರವನ್ನಷ್ಟೇ ಗೀಚಿ ಬೆಟ್ಟ ಇಳಿಯುತ್ತಾರೆ.

ಇಷ್ಟರಿಂದ ಗೀಚುವಿಕೆ ಪ್ರತಿರೋಧವೆಂಬ ನಿರ್ಣಯಕ್ಕೆ ಬರಲಾಗದು. ಅಂಥ ಸುಲಭದ ತೀರ್ಮಾನಗಳಿಂದ ನಮ್ಮ ಸಂಸ್ಕೃತಿ ವಿಮರ್ಶೆ ಸಾಕಷ್ಟು ಸೊರಗಿದೆ. ಗೋಡೆಗೆ ಹೆಸರು ಕೊರೆಯುವವರೆಲ್ಲ ಜಾತಿಯನ್ನು ಮೀರಿದವರಲ್ಲ. ಅವರಲ್ಲಿ ತುಂಟರಿದ್ದಾರೆ, ಒಪ್ಪಿಗೆಯಿಲ್ಲದ ಹುಡುಗಿಯ ಹೆಸರನ್ನು ತನ್ನ ಹೆಸರಿನ ಪಕ್ಕಕ್ಕೆ ಕೊರೆದು ಅವಳನ್ನು ಊರ ಬಾಯಿಗೆ ಒಡ್ಡುವವರೂ ಇದ್ದಾರೆ. ಬೀಗ ಹಾಕುವುದು ಅಧಿಕಾರದ ಕೆಲಸವೂ ಹೌದು. ಸರ್ಬಿಯಾದ ಹುಡುಗಿ ಕಳೆದುಕೊಳ್ಳುವ ಭಯದಿಂದ ತೊಡಿಸಿದ ಬೀಗವನ್ನು, ನನ್ನದಿದು ಎಂಬ ಗಂಡಿನ ಠಸ್ಸೆಯಾಗಿಯೂ ಒತ್ತಬಹುದು. ಎರಡು ಅಕ್ಷರಗಳಲ್ಲಿ ಎರಡನೆಯದನ್ನು ಬರೆದ ಕೈ ಯಾರದೆಂಬ ಪ್ರಶ್ನೆಯನ್ನು ಕೇಳದ ಓದು ಅಪೂರ್ಣ. ಭಾಗಮತಿಯ ಕಥೆಯಲ್ಲಿಯೂ ಹೊಳೆಗಿಳಿದವನು ಕುಲಿ, ಕಟ್ಟಿಸಿದವನು ಅವನ ತಂದೆ; ಅವಳು ಏನು ಹೇಳಿದಳೆಂಬುದನ್ನು ಕಥೆ ತಿಳಿಸುವುದಿಲ್ಲ.

ಆದರೂ ಆ ಕಥೆಯಿಂದ ಕಲಿಯುವುದು ಬಾಕಿಯಿದೆಯೆಂದು ನಮ್ಮ ಭಾವನೆ. ಇತಿಹಾಸಕಾರರು ತೋರಿಸಿಕೊಟ್ಟಂತೆ, ೧೫೭೮ರ ಸೇತುವೆ ಗೋಲ್ಕೊಂಡದ ಜನದಟ್ಟಣೆಯನ್ನು ನದಿಯಾಚೆಗೆ ಹರಿಸಲು, ವ್ಯಾಪಾರದ ದಾರಿಗಾಗಿ ಎದ್ದುದಿರಬೇಕು. ಅದನ್ನು ಒಲವಿನ ಸೇತುವೆಯೆಂದು ಹೇಳಿಕೊಂಡು ಬಂದದ್ದು ಜನ. ಅದೂ ಎಂಥ ಒಲವು? ಕುಲ ಬೇರೆ, ಮತ ಬೇರೆ, ಅಂತಸ್ತು ಬೇರೆಯಾದ ಒಲವು. ಆ ತಂದೆ ಕಥೆಯಲ್ಲಿ ಮಗನಿಗೆ ಬಾಗಿಲು ಮುಚ್ಚಬಹುದಾಗಿತ್ತು, ನರ್ತಕಿಯನ್ನು ಕೊಲ್ಲಿಸಬಹುದಾಗಿತ್ತು; ಅವನಿಗೆ ಅಧಿಕಾರವಿತ್ತು. ಅವನು ಹೊಳೆಗೆ ಕಲ್ಲು ಹೊರಿಸಿದ. ನಾಲ್ಕುನೂರು ವರ್ಷಗಳಿಂದ ಈ ಕಥೆಯನ್ನು ಮಕ್ಕಳಿಗೆ ಹೇಳಿ ಮಲಗಿಸುತ್ತ ಬಂದ ಊರಿನಲ್ಲಿಯೇ ಸರೂರ್‌ನಗರದ ಬೀದಿಯೂ ಇದೆ. ಕಥೆಯನ್ನು ಮೆಚ್ಚುವುದು, ಮನೆಯೊಳಗೆ ಅದಕ್ಕೆ ಎಡೆಗೊಡದಿರುವುದು: ಈ ಇಬ್ಬಗೆಯೇ ನಮ್ಮ ಕಾಲದ ಸಾಂಸ್ಕೃತಿಕ ಸಮಸ್ಯೆ. ಪ್ರೇಮವನ್ನು ದಂತಕಥೆಯಾಗಿ ಸ್ಮಾರಕದಲ್ಲಿಟ್ಟು ಟಿಕೀಟು ಕೊಂಡು ನೋಡುವವರೇ, ಅದೇ ಸ್ಮಾರಕದ ಗೋಡೆಯ ಮೇಲೆ ಮಗಳ ಹೆಸರಿನ ಮೊದಲಕ್ಷರ ಕಂಡರೆ ಕನಲುವರು.

ಗೋಡೆಗಳನ್ನು ಕಾಯುವುದು ಪುರಾತತ್ವ ಇಲಾಖೆಯ ಕರ್ತವ್ಯ. ಅದನ್ನು ಅದು ಬಿಗಿಯಾಗಿಯೇ ಮಾಡಲಿ. ಪ್ಯಾರಿಸಿನ ಆಡಳಿತ ಬೀಗಗಳನ್ನು ತೆಗೆಸಿದ್ದರಲ್ಲಿಯೂ ತಪ್ಪೇನಿಲ್ಲ. ಆದರೆ ಗೀರುಗಳಿಗೆ ಸುಣ್ಣ ಬಳಿದ ಮಾತ್ರಕ್ಕೆ ಅವು ಬರೆಯಿಸಿಕೊಂಡ ಕಾರಣ ಮಾಸುವುದಿಲ್ಲ. ಬಾಗಿಲಿಗೆ ಅಡ್ಡ ನಿಂತ ಅಕ್ಕ ತಂಗಿಯರು ಹೆಸರು ಕೇಳಿ ನಕ್ಕು ದಾರಿ ಬಿಡುವ ಶಾಸ್ತ್ರ ನಮ್ಮಲ್ಲಿ ಇನ್ನೂ ಉಳಿದಿದೆ. ಆ ಬಾಗಿಲಿನಲ್ಲಿ ಯಾವ ಹೆಸರನ್ನು ಹೇಳಿದರೂ ದಾರಿ ಸಿಗುವಂತಾದರೆ, ಅದನ್ನು ಕಲ್ಲಿನ ಮೇಲೆ ಅರ್ಧಕ್ಕೆ ಗೀಚಿ ಓಡಬೇಕಾದ ಅಗತ್ಯ ಎಷ್ಟೋ ಮಂದಿಗೆ ಇರಲಾರದು. ಬೀಗವೆಂಬ ಒಂದೇ ರೂಪದಲ್ಲಿ ಕನ್ನಡ ಎರಡು ಅರ್ಥಗಳನ್ನು ಇಟ್ಟುಕೊಂಡಿದೆ. ಅವುಗಳಲ್ಲಿ ಯಾವುದನ್ನು ನಮ್ಮ ಮಕ್ಕಳಿಗೆ ದಾಟಿಸಬೇಕೆಂಬುದು ನಿಘಂಟುಕಾರರು ತೀರ್ಮಾನಿಸುವ ವಿಷಯವಲ್ಲ.